ಒಂಬತ್ತು ವರ್ಷದ ಮಗು ಕಡಲಾಚೆಯ ಮನೆಗೆ: ಅಂತರದೇಶೀಯ ದತ್ತು ನಡೆಯುವ ಬಗೆ

ಜಿಲ್ಲಾ ಸುದ್ದಿಯ ಪುಟಗಳಲ್ಲಿ ಆಗಾಗ ಒಂದೇ ಬಗೆಯ ಚಿತ್ರ ಕಾಣಿಸಿಕೊಳ್ಳುತ್ತದೆ. ಜಿಲ್ಲಾಧಿಕಾರಿಯವರ ಕೊಠಡಿ, ಇಟಲಿಯಿಂದಲೋ ಅಮೆರಿಕದಿಂದಲೋ ಬಂದ ದಂಪತಿ, ಅವರ ನಡುವೆ ಹೊಸ ಬಟ್ಟೆ ತೊಟ್ಟು ನಿಂತ ಮಗು. ಮಗುವಿನ ಮುಖವನ್ನು ಮಸುಕುಗೊಳಿಸಿರಬೇಕು, ಏಕೆಂದರೆ ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವಿನ ಗುರುತನ್ನು ಬಹಿರಂಗಪಡಿಸುವುದನ್ನು ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ನಿಷೇಧಿಸುತ್ತದೆ. ಎತ್ತಿಕೊಳ್ಳುವಷ್ಟು ಸಣ್ಣ ಕೂಸಾದರೆ ಓದುಗರು ಸಂತೋಷಪಟ್ಟು ಮುಂದಿನ ಸುದ್ದಿಗೆ ಹೋಗುತ್ತಾರೆ. ಮಗು ಎಂಟೊಂಬತ್ತು ವರ್ಷದ್ದಾಗಿದ್ದರೆ ಮಾತ್ರ ಪ್ರಶ್ನೆಗಳು ಏಳುತ್ತವೆ. ಇಷ್ಟು ದೊಡ್ಡ ಮಗುವನ್ನು ಇಲ್ಲಿ ಯಾರೂ ಏಕೆ ಕರೆದೊಯ್ಯಲಿಲ್ಲ? ಕನ್ನಡವಷ್ಟೇ ಬಲ್ಲ ಹುಡುಗಿ ಅಲ್ಲಿ ಹೇಗೆ ಬಾಳುತ್ತಾಳೆ? ಅವಳನ್ನು ಯಾರಾದರೂ ಕೇಳಿದರೇ?

ಈ ಪ್ರಶ್ನೆಗಳಿಗೆ ಉತ್ತರಿಸಲು ಒಂದು ಕಲ್ಪಿತ ಉದಾಹರಣೆಯನ್ನು ಇಟ್ಟುಕೊಳ್ಳೋಣ. ಕರ್ನಾಟಕದ ಒಂದು ಜಿಲ್ಲೆಯ ಬಾಲಮಂದಿರದಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳಿದ್ದಾಳೆ. ಅವಳನ್ನು ಮಗಳಾಗಿ ಸ್ವೀಕರಿಸಲು ಹೊರದೇಶದ ದಂಪತಿ ವಿಮಾನ ಹತ್ತಿ ಬರಲಿದ್ದಾರೆ.

ವಂಶಕ್ಕೊಂದು ಮಗುವಲ್ಲ, ಮಗುವಿಗೊಂದು ಮನೆ

ನಮ್ಮಲ್ಲಿ ದತ್ತು ಎಂಬ ಪದಕ್ಕೆ ಹಳೆಯ ಅರ್ಥವೊಂದಿದೆ. ಗಂಡುಸಂತಾನವಿಲ್ಲದ ಮನೆಯವರು ದಾಯಾದಿಗಳ ಅಥವಾ ಬಂಧುಗಳ ಮಗನನ್ನು ತಂದುಕೊಂಡು, ವಂಶ, ಆಸ್ತಿ ಮತ್ತು ಪಿತೃಕಾರ್ಯಗಳ ಹೊಣೆಯನ್ನು ಅವನಿಗೆ ವಹಿಸುತ್ತಿದ್ದರು. 1824ರಲ್ಲಿ ಕಿತ್ತೂರಿನ ದತ್ತಕವನ್ನು ಬ್ರಿಟಿಷರು ಒಪ್ಪದೆ ಯುದ್ಧವಾದದ್ದೂ, ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಮಾಡಿಕೊಂಡ ದತ್ತಕವನ್ನು ಕೊನೆಗೆ ಒಪ್ಪಿದ್ದರಿಂದ ಮೈಸೂರು ಅರಸರ ಕೈಗೆ ಮರಳಿದ್ದೂ ಉತ್ತರಾಧಿಕಾರಿಯ ಪ್ರಶ್ನೆಯಿಂದಲೇ. ಅಲ್ಲಿ ಅಗತ್ಯವಿದ್ದದ್ದು ಮನೆತನಕ್ಕೆ.

ಇಂದಿನ ಕಾನೂನು ಇದನ್ನು ತಿರುವುಮುರುವು ಮಾಡಿದೆ. ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆ, 2015ರ ಪ್ರಕಾರ ದತ್ತು ಎಂಬುದು ಮಗುವಿಗೆ ಕುಟುಂಬವನ್ನು ಒದಗಿಸುವ ವ್ಯವಸ್ಥೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಹಿಂದೂ, ಬೌದ್ಧ, ಜೈನ, ಸಿಖ್ಖರಿಗಷ್ಟೇ ಅನ್ವಯಿಸಿದರೆ, ಬಾಲನ್ಯಾಯ ಕಾಯ್ದೆಗೆ ಧರ್ಮದ ಕಟ್ಟುಪಾಡಿಲ್ಲ. ಇದರಡಿ ದತ್ತಾದ ಮಗು ಎಲ್ಲ ಕಾರಣಗಳಿಗೂ ಹೊಸ ತಂದೆತಾಯಿಯ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಸಮ, ಆಸ್ತಿಯ ಹಕ್ಕೂ ಸೇರಿದಂತೆ.

ದತ್ತು ಪಡೆಯುವವರ ಊರು ಒಂದು ದೇಶದಲ್ಲಿ, ಮಗುವಿನ ಊರು ಮತ್ತೊಂದು ದೇಶದಲ್ಲಿದ್ದರೆ ಅದನ್ನು ಅಂತರದೇಶೀಯ ದತ್ತು ಎನ್ನುತ್ತಾರೆ. ದತ್ತಿನ ವಿಷಯದಲ್ಲಿ 'ದೊಡ್ಡ ಮಗು' ಎಂದರೆ ಐದು ವರ್ಷ ದಾಟಿದ ಮಗು ಎಂದು ತಿಳಿಯಬಹುದು. ಇನ್ನೂ ಹಾಲುಹಲ್ಲು ಬೀಳದ ಮಗುವನ್ನು ದೊಡ್ಡದೆನ್ನುವುದು ವಿಚಿತ್ರವಾಗಿ ಕೇಳಿಸಿದರೂ, ದತ್ತಿನ ಸಾಲಿನಲ್ಲಿ ಅಷ್ಟರಲ್ಲೇ ಅದರ ಸರದಿ ಹಿಂದೆ ಬಿದ್ದಿರುತ್ತದೆ.

ಬಾಲಮಂದಿರದಲ್ಲಿರುವ ಮಕ್ಕಳೆಲ್ಲ ದತ್ತಿಗಿರುವವರಲ್ಲ

ಅನಾಥಾಲಯಕ್ಕೆ ಹೋಗಿ, ಮಕ್ಕಳನ್ನು ನೋಡಿ, ಮನಸ್ಸಿಗೆ ಬಂದವರನ್ನು ಕರೆತರಬಹುದೆಂಬ ಕಲ್ಪನೆ ಇಂದಿಗೂ ಹಲವರಲ್ಲಿದೆ. ಹಾಗೆ ಮಾಡುವುದು ಅಪರಾಧ. ಕಾಯ್ದೆಯ ವಿಧಾನವನ್ನು ಬಿಟ್ಟು ಅನಾಥ, ಪರಿತ್ಯಕ್ತ ಅಥವಾ ಹೆತ್ತವರೇ ಒಪ್ಪಿಸಿದ ಮಗುವನ್ನು ದತ್ತು ಕೊಟ್ಟರೆ ಅಥವಾ ಪಡೆದರೆ 80ನೇ ಸೆಕ್ಷನ್ನಿನಡಿ ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಗುವನ್ನು ಮಾರಿದರೆ ಅಥವಾ ಕೊಂಡರೆ 81ನೇ ಸೆಕ್ಷನ್ನಿನಡಿ ಐದು ವರ್ಷದವರೆಗೆ ಕಠಿಣ ಸೆರೆವಾಸವಿದೆ.

ಮಕ್ಕಳ ಸಂಸ್ಥೆಗಳಲ್ಲಿ ಇರುವ ಅನೇಕರಿಗೆ ತಾಯಿಯೋ ತಂದೆಯೋ ಅಜ್ಜಿಯೋ ಇದ್ದಾರೆ. ಬಡತನ, ಕಾಯಿಲೆ, ಕುಡಿತ, ಒಂಟಿ ತಾಯಿಯ ದುಡಿಮೆಯ ಒತ್ತಡ ಇವುಗಳಿಂದ ಮಗು ಅಲ್ಲಿಗೆ ಬಂದಿರುತ್ತದೆ, ರಜೆಗೆ ಮನೆಗೆ ಹೋಗಿಯೂ ಬರುತ್ತದೆ. ಅಂಥ ಮಗು ಅನಾಥವಲ್ಲ, ದತ್ತಿಗೂ ಸಲ್ಲುವುದಿಲ್ಲ. ದತ್ತಿಗೆ ಸಲ್ಲುವ ಮಗುವನ್ನು 'ಕಾನೂನುಬದ್ಧವಾಗಿ ದತ್ತಿಗೆ ಮುಕ್ತ' ಎಂದು ಘೋಷಿಸಬೇಕು, ಆ ಅಧಿಕಾರ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಮಾತ್ರ ಇದೆ, ಮತ್ತು ಸಮಿತಿಯ ಕನಿಷ್ಠ ಮೂವರು ಸದಸ್ಯರು ಸೇರಿ ಆ ತೀರ್ಮಾನವನ್ನು ಕೈಗೊಳ್ಳಬೇಕು.

ಹೋಲಿಕೆ ಒರಟಾಯಿತು, ಆದರೂ ಹೇಳಬೇಕೆಂದರೆ, ಜಮೀನು ಕೊಳ್ಳುವ ಮುನ್ನ ಪಹಣಿ, ಋಣಭಾರ ಪತ್ರ ತೆಗೆಸಿ ಬೇರೆ ಯಾರ ಹಕ್ಕೂ ಅದರ ಮೇಲಿಲ್ಲವೆಂದು ಖಚಿತಪಡಿಸಿಕೊಳ್ಳುವಂತೆ, ಮಗುವಿನ ಮೇಲೆ ಪ್ರೀತಿಯ ಹಕ್ಕಿರುವವರು ಯಾರೂ ಉಳಿದಿಲ್ಲವೇ ಎಂಬುದನ್ನು ಸಮಿತಿ ಶೋಧಿಸುತ್ತದೆ. ಪತ್ರಿಕೆಗಳಲ್ಲಿ ಮಗುವಿನ ಭಾವಚಿತ್ರದೊಂದಿಗೆ 'ಪೋಷಕರಿದ್ದಲ್ಲಿ ಸಂಪರ್ಕಿಸಿ' ಎಂಬ ಪ್ರಕಟಣೆಯನ್ನು ನೋಡಿರುತ್ತೀರಿ, ಅದು ಈ ಶೋಧದ ಭಾಗ. ಯಾರೂ ಬಾರದಿದ್ದರೆ, ಎರಡು ವರ್ಷದವರೆಗಿನ ಮಗುವನ್ನು ಎರಡು ತಿಂಗಳೊಳಗೆ, ಅದಕ್ಕಿಂತ ದೊಡ್ಡ ಮಗುವನ್ನು ನಾಲ್ಕು ತಿಂಗಳೊಳಗೆ ಮುಕ್ತವೆಂದು ಘೋಷಿಸಬೇಕೆಂದು ಕಾಯ್ದೆ ಹೇಳುತ್ತದೆ. ಹೆತ್ತವರೇ ಸಮಿತಿಯ ಮುಂದೆ ಮಗುವನ್ನು ಒಪ್ಪಿಸಿದ್ದರೆ ಮನಸ್ಸು ಬದಲಿಸಲು ಅವರಿಗೆ ಎರಡು ತಿಂಗಳ ಕಾಲಾವಕಾಶವಿರುತ್ತದೆ.

ದೊಡ್ಡ ಮಗುವಿನ ವಿಚಾರದಲ್ಲಿ ತೊಡಕು ಹೆಚ್ಚು. ಅದು ತನ್ನ ಊರಿನ ಹೆಸರನ್ನೋ, ಅಣ್ಣನ ಹೆಸರನ್ನೋ, ಬಸ್ ನಿಲ್ದಾಣದ ಗುರುತನ್ನೋ ಹೇಳುತ್ತದೆ. ಅದನ್ನೆಲ್ಲ ಹಿಡಿದು ಹುಡುಕಬೇಕು. ಆರು ವರ್ಷದೊಳಗಿನ ಮಕ್ಕಳು ಸಾಮಾನ್ಯವಾಗಿ ವಿಶೇಷ ದತ್ತು ಸಂಸ್ಥೆಗಳಲ್ಲಿಯೂ ಅದಕ್ಕಿಂತ ದೊಡ್ಡವರು ಬಾಲಮಂದಿರಗಳಲ್ಲಿಯೂ ಇರುವುದರಿಂದ, ದತ್ತಿನ ಕೆಲಸ ನಡೆಯಬೇಕಾದರೆ ಬಾಲಮಂದಿರವನ್ನು ಒಂದು ದತ್ತು ಸಂಸ್ಥೆಗೆ ಜೋಡಿಸಿರಬೇಕು. ಹೀಗೆ ಕಡತ ಸಾಗುವಷ್ಟರಲ್ಲಿ ಮಗುವಿನ ವಯಸ್ಸು ಏರುತ್ತದೆ, ವಯಸ್ಸು ಏರಿದಷ್ಟೂ ಕೇಳುವವರು ಕಡಿಮೆಯಾಗುತ್ತಾರೆ.

ದೊಡ್ಡ ಮಕ್ಕಳೇ ಏಕೆ ಹೊರಗೆ ಹೋಗುತ್ತಾರೆ?

ಭಾರತದಲ್ಲಿ ದತ್ತಿಗಾಗಿ ಹೆಸರು ನೋಂದಾಯಿಸಿದವರ ಸಂಖ್ಯೆ ದತ್ತಿಗೆ ಮುಕ್ತವಾದ ಮಕ್ಕಳ ಸಂಖ್ಯೆಗಿಂತ ಎಷ್ಟೋ ಪಟ್ಟು ದೊಡ್ಡದು, ಎಳೆಗೂಸಿಗಾಗಿ ವರ್ಷಗಟ್ಟಲೆ ಕಾಯಬೇಕು. ಹಾಗಿದ್ದೂ ಎಂಟು ವರ್ಷದ ಆರೋಗ್ಯವಂತ ಹುಡುಗಿಗೆ ಮನೆ ಸಿಗುವುದಿಲ್ಲ. ಹೆಚ್ಚಿನವರು ಕೇಳುವುದು ಎರಡು ವರ್ಷದೊಳಗಿನ ಮಗುವನ್ನು. 'ಬುದ್ಧಿ ಬಂದ ಮಗು ನಮಗೆ ಹೊಂದಿಕೊಳ್ಳುವುದಿಲ್ಲ, ಹಳೆಯದನ್ನೇ ನೆನೆಯುತ್ತದೆ' ಎಂಬುದು ಕೇಳಿಬರುವ ಮಾತು. ದತ್ತು ಎಂಬುದನ್ನು ಮಗುವಿನಿಂದಲೂ ಊರಿನಿಂದಲೂ ಮುಚ್ಚಿಡುವ ಬಯಕೆ ಇದ್ದವರಿಗೆ ದೊಡ್ಡ ಮಗು ಒಗ್ಗುವುದೂ ಇಲ್ಲ.

ಕಾಯ್ದೆಯ ಕ್ರಮದಂತೆ ಮೊದಲ ಅವಕಾಶ ಭಾರತದಲ್ಲಿರುವವರಿಗೆ ಮತ್ತು ಅನಿವಾಸಿ ಭಾರತೀಯರಿಗೆ. ಮುಕ್ತವೆಂದು ಘೋಷಿಸಿದ ದಿನದಿಂದ 60 ದಿನಗಳೊಳಗೆ ಅವರಲ್ಲಿ ಯಾರೂ ಸಿಗದಿದ್ದರೆ ಮಗು ಅಂತರದೇಶೀಯ ದತ್ತಿಗೆ ಅರ್ಹವಾಗುತ್ತದೆ ಎಂದು 59ನೇ ಸೆಕ್ಷನ್ ಹೇಳುತ್ತದೆ. ಅಂಗವೈಕಲ್ಯವುಳ್ಳ ಮಕ್ಕಳು, ಒಡಹುಟ್ಟಿದವರ ಜೋಡಿಗಳು ಮತ್ತು ಐದು ವರ್ಷ ದಾಟಿದ ಮಕ್ಕಳಿಗೆ ಇಂಥ ದತ್ತಿನಲ್ಲಿ ಆದ್ಯತೆ ಕೊಡಬಹುದೆಂದು ಅದೇ ಸೆಕ್ಷನ್ ಸೇರಿಸುತ್ತದೆ. ಚಿತ್ರದಲ್ಲಿ ವಿದೇಶಿ ದಂಪತಿಯ ನಡುವೆ ದೊಡ್ಡ ಮಗುವೇ ಕಾಣುವುದಕ್ಕೆ ಕಾರಣ ಇದು. ಒಟ್ಟು ಲೆಕ್ಕದಲ್ಲಿ ಇವರ ಪಾಲು ಚಿಕ್ಕದು. 2024-25ರಲ್ಲಿ ನಡೆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವು.

ಇಷ್ಟು ಬಿಗಿ ನಿಯಮಗಳು ಎಲ್ಲಿಂದ ಬಂದವು?

1982ರಲ್ಲಿ ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಕೆಲವು ಸಂಸ್ಥೆಗಳು ಭಾರತೀಯ ಮಕ್ಕಳನ್ನು ವಿದೇಶಿಯರಿಗೆ ಕೊಡುವ ಹೆಸರಿನಲ್ಲಿ ಅಕ್ರಮ ನಡೆಸುತ್ತಿವೆ ಎಂಬುದು ಅದರ ಸಾರ. ಆ ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿದ ನ್ಯಾಯಾಲಯ, 1984ರಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿಯವರು ಬರೆದ ತೀರ್ಪಿನ ಮೂಲಕ ವಿವರವಾದ ಮಾರ್ಗಸೂಚಿಯನ್ನು ಕೊಟ್ಟಿತು. ಆಗ ವಿದೇಶಿಯರು ಇಲ್ಲಿ ನೇರವಾಗಿ ದತ್ತು ಪಡೆಯುವ ಕಾನೂನೇ ಇರಲಿಲ್ಲ. 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆಯಡಿ ಪಾಲಕತ್ವವನ್ನು ಪಡೆದು, ಮಗುವನ್ನು ತಮ್ಮ ದೇಶಕ್ಕೆ ಒಯ್ದು, ಅಲ್ಲಿ ದತ್ತು ಮಾಡಿಕೊಳ್ಳುತ್ತಿದ್ದರು. ನಡುವೆ ಏನಾದರೂ ಕೆಟ್ಟರೆ ಮಗು ಎರಡೂ ದೇಶಗಳಿಗೆ ಸೇರದ ಸ್ಥಿತಿಗೆ ಬೀಳುತ್ತಿತ್ತು. ಆ ತೀರ್ಪಿನ ಬೆನ್ನಿಗೆ, 1990ರಲ್ಲಿ, ಇಂದು 'ಕಾರಾ' ಎಂದು ಕರೆಯುವ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ ಹುಟ್ಟಿತು.

ಜಗತ್ತಿನ ಮಟ್ಟದಲ್ಲಿ ಇದೇ ಕೆಲಸವನ್ನು ಮಾಡಿದ್ದು 1993ರ ಮೇ 29ರಂದು ನೆದರ್ಲೆಂಡ್ಸ್‌ನ ಹೇಗ್ ನಗರದಲ್ಲಿ ಅಂಗೀಕಾರವಾದ ಒಡಂಬಡಿಕೆ. ನೂರಕ್ಕೂ ಹೆಚ್ಚು ದೇಶಗಳು ಇದಕ್ಕೆ ಬದ್ಧವಾಗಿವೆ. ಭಾರತದಲ್ಲಿ ಇದು 2003ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಮಗುವಿಗೆ ತನ್ನ ದೇಶದಲ್ಲೇ ಕುಟುಂಬ ಸಿಗುತ್ತದೆಯೇ ಎಂದು ಮೊದಲು ನೋಡಬೇಕೆಂಬುದು ಇದರ ಮೂಲತತ್ವ. ಪ್ರತಿ ದೇಶದಲ್ಲೂ ಒಂದು ಕೇಂದ್ರ ಪ್ರಾಧಿಕಾರವಿದ್ದು, ಕಳಿಸುವ ದೇಶ ಮಗುವಿನ ಅರ್ಹತೆಗೂ ಬರಮಾಡಿಕೊಳ್ಳುವ ದೇಶ ಪೋಷಕರ ಅರ್ಹತೆಗೂ ಹೊಣೆಯಾಗುತ್ತವೆ, ಎರಡೂ ಒಪ್ಪಿದ ಮೇಲೆಯೇ ಮಗುವನ್ನು ಒಪ್ಪಿಸಬಹುದು. ಅನುಚಿತ ಹಣದ ಲಾಭಕ್ಕೆ ಇಲ್ಲಿ ಎಡೆಯಿಲ್ಲ. ಈ ಎಲ್ಲ ತಪಾಸಣೆ ಮುಗಿಯುವ ಮುನ್ನ ದತ್ತು ಬಯಸುವವರು ಮಗುವಿನ ಹೆತ್ತವರನ್ನಾಗಲಿ ನೋಡಿಕೊಳ್ಳುವವರನ್ನಾಗಲಿ ಸಂಪರ್ಕಿಸುವುದನ್ನು, ಬಂಧುಗಳ ನಡುವಿನ ದತ್ತಿನಂಥ ಸಂದರ್ಭಗಳ ಹೊರತು, 29ನೇ ವಿಧಿ ತಡೆಯುತ್ತದೆ.

ಕಾಗದ ಸಾಗುವ ದಾರಿ

ದಂಪತಿಯ ಕೆಲಸ ಅವರ ಊರಿನಲ್ಲೇ ಶುರುವಾಗುತ್ತದೆ. ಕಾರಾದ ಮಾನ್ಯತೆ ಪಡೆದ ವಿದೇಶಿ ದತ್ತು ಸಂಸ್ಥೆಗೆ ಅಥವಾ ತಮ್ಮ ದೇಶದ ಕೇಂದ್ರ ಪ್ರಾಧಿಕಾರಕ್ಕೆ ಅವರು ಅರ್ಜಿ ಸಲ್ಲಿಸುತ್ತಾರೆ. ಸಮಾಜ ಕಾರ್ಯಕರ್ತರು ಮನೆಗೆ ಬಂದು ಆದಾಯ, ಆರೋಗ್ಯ, ದಾಂಪತ್ಯ, ಪೊಲೀಸ್ ದಾಖಲೆ, ಮನೆಯಲ್ಲಿರುವ ಇತರ ಮಕ್ಕಳ ಮನೋಭಾವ ಇವೆಲ್ಲವನ್ನೂ ವಿಚಾರಿಸಿ ಗೃಹ ಅಧ್ಯಯನ ವರದಿಯನ್ನು ಬರೆಯುತ್ತಾರೆ. ಹೆಣ್ಣು ನೋಡಲು ಬಂದವರು ಅಡುಗೆಮನೆಯವರೆಗೂ ಕಣ್ಣು ಹಾಯಿಸುವುದನ್ನು ನೆನೆಸಿಕೊಂಡರೆ ಇದು ಅರ್ಥವಾದೀತು, ಆದರೆ ಇಲ್ಲಿ ಪರೀಕ್ಷೆ ಪೋಷಕರದು.

ಮಗು ದೊಡ್ಡದಾದಂತೆ ಪೋಷಕರ ವಯಸ್ಸಿನ ಮಿತಿ ಸಡಿಲವಾಗುತ್ತದೆ. 2022ರ ದತ್ತು ನಿಯಮಾವಳಿಯಂತೆ ಎರಡು ವರ್ಷದವರೆಗಿನ ಮಗುವಿಗೆ ಗಂಡಹೆಂಡಿರ ವಯಸ್ಸಿನ ಮೊತ್ತ 85ನ್ನು ಮೀರುವಂತಿಲ್ಲ. ಎಂಟು ವರ್ಷ ದಾಟಿದ ಮಗುವಿಗೆ ಅದು 110ರವರೆಗೆ ಇರಬಹುದು. ಒಬ್ಬಂಟಿಯಾದರೆ ಈ ಮಿತಿಗಳು 40 ಮತ್ತು 55. ಮಗುವಿಗೂ ಪೋಷಕರಿಗೂ ಕನಿಷ್ಠ 25 ವರ್ಷದ ಅಂತರವಿರಬೇಕು. ಒಬ್ಬಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ.

ವರದಿ 'ಕೇರಿಂಗ್ಸ್' ಎಂಬ ಕಾರಾದ ಜಾಲತಾಣವನ್ನು ಸೇರಿದ ಮೇಲೆ, ಮಗುವಿನ ಅಧ್ಯಯನ ವರದಿ ಮತ್ತು ವೈದ್ಯಕೀಯ ವರದಿ ದಂಪತಿಗೆ ತಲುಪುತ್ತವೆ. ಅವರು ಒಪ್ಪಿ ಸಹಿ ಹಾಕಿ, ಎರಡೂ ದೇಶಗಳ ಸಮ್ಮತಿ ದೊರೆತಾಗ ಕಾರಾ ನಿರಾಕ್ಷೇಪಣಾ ಪತ್ರವನ್ನು ನೀಡುತ್ತದೆ. ಬಳಿಕ ದತ್ತು ಸಂಸ್ಥೆ ಜಿಲ್ಲಾಧಿಕಾರಿಗೆ ಅರ್ಜಿ ಸಲ್ಲಿಸುತ್ತದೆ. 2022ರ ಸೆಪ್ಟೆಂಬರ್ 1ರವರೆಗೆ ದತ್ತಿನ ಆದೇಶವನ್ನು ನ್ಯಾಯಾಲಯ ನೀಡುತ್ತಿತ್ತು. 2021ರ ತಿದ್ದುಪಡಿ ಅಂದು ಜಾರಿಗೆ ಬಂದು ಆ ಅಧಿಕಾರ ಜಿಲ್ಲಾ ದಂಡಾಧಿಕಾರಿಗೆ, ಅಂದರೆ ನಮ್ಮ ಜಿಲ್ಲಾಧಿಕಾರಿಗೆ, ಬಂತು. ವಿಚಾರಣೆ ಮುಚ್ಚಿದ ಕೊಠಡಿಯಲ್ಲಿ ನಡೆದು ಎರಡು ತಿಂಗಳೊಳಗೆ ಮುಗಿಯಬೇಕು. ಆದೇಶ ಸಿಕ್ಕ ಬಳಿಕ ಹೊಸ ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರ, ಭಾರತೀಯ ಪಾಸ್‌ಪೋರ್ಟ್ ಮತ್ತು ಹೇಗ್ ಒಡಂಬಡಿಕೆಯ 23ನೇ ವಿಧಿಯಂತೆ ಅನುಸರಣಾ ಪ್ರಮಾಣಪತ್ರ ಸಿದ್ಧವಾಗುತ್ತವೆ. ಕೊನೆಯ ಪತ್ರವಿದ್ದರೆ ಈ ದತ್ತನ್ನು ಒಡಂಬಡಿಕೆಯ ಉಳಿದ ದೇಶಗಳೂ ಮಾನ್ಯ ಮಾಡುತ್ತವೆ.

ಖರ್ಚಿನ ಬಗ್ಗೆ ಊಹಾಪೋಹಗಳು ಬಹಳ. ಭಾರತದ ನಿಯಮಾವಳಿಯಂತೆ ಅಂತರದೇಶೀಯ ದತ್ತಿಗೆ ನಿಗದಿಯಾದ ಮೊತ್ತ 5,000 ಅಮೆರಿಕನ್ ಡಾಲರ್, ಅದು ಮಕ್ಕಳ ಪಾಲನೆಯ ನಿಧಿಗೆ ಹೋಗುತ್ತದೆ. ವಿದೇಶಿ ಸಂಸ್ಥೆಯ ಶುಲ್ಕ, ವಿಮಾನ, ವೀಸಾ, ವಸತಿ ಇದರ ಮೇಲೆ. ಇದರಾಚೆಗೆ ದೇಣಿಗೆಯ ಹೆಸರಿನಲ್ಲಿ ಹಣ ಕೇಳಿದರೆ ಅದು ಅಕ್ರಮದ ಮೊದಲ ಸೂಚನೆ.

ಪ್ರಯಾಣ, ಭೇಟಿ

ತಿಂಗಳುಗಟ್ಟಲೆ ಸಾಗಿದ ಕಾಗದದ ಕೊನೆಗೆ ಬರುವ ಪ್ರಯಾಣ ಕೆಲವೇ ವಾರಗಳದು. ಮಗುವನ್ನು ಯಾರೋ ವಿಮಾನದಲ್ಲಿ ಕಳಿಸಿಕೊಡುವಂತಿಲ್ಲ. ಪಾಸ್‌ಪೋರ್ಟ್ ಮತ್ತು ವೀಸಾ ಸಿಕ್ಕ ಮೇಲೆ ಪೋಷಕರೇ ಬಂದು ದತ್ತು ಸಂಸ್ಥೆಯಿಂದ ಅದನ್ನು ಬರಮಾಡಿಕೊಳ್ಳಬೇಕೆಂದು ಕಾಯ್ದೆ ಹೇಳುತ್ತದೆ. ನಿರಾಕ್ಷೇಪಣಾ ಪತ್ರ ಬಂದ ಬಳಿಕ, ಆದೇಶಕ್ಕೆ ಕಾಯುವ ಅವಧಿಯಲ್ಲಿ, ಮುಚ್ಚಳಿಕೆ ಬರೆದುಕೊಟ್ಟು ಭಾರತದೊಳಗೇ ಮಗುವನ್ನು ತಮ್ಮೊಂದಿಗೆ ಇರಿಸಿಕೊಳ್ಳಲೂ ಅವಕಾಶವಿದೆ. ಅಮೆರಿಕದ ಕುಟುಂಬವಾದರೆ ಮಗುವಿನ ವಲಸೆ ವೀಸಾಕ್ಕಾಗಿ ದೆಹಲಿಯ ರಾಯಭಾರ ಕಚೇರಿಗೆ ಹೋಗಬೇಕಾಗುತ್ತದೆ. ಹೀಗೆ ನಮ್ಮ ಹುಡುಗಿ ತನ್ನ ಜಿಲ್ಲೆಯ ಗಡಿಯನ್ನು ಮೊದಲ ಸಲ ದಾಟುವುದು, ಮೊದಲ ಸಲ ವಿಮಾನ ಹತ್ತುವುದು, ಮೊದಲ ಸಲ ಒಂದೇ ಕೋಣೆಯಲ್ಲಿ ಇಬ್ಬರೇ ದೊಡ್ಡವರೊಂದಿಗೆ ಮಲಗುವುದು ಎಲ್ಲವೂ ಒಂದೇ ವಾರದಲ್ಲಿ ಆಗಿಬಿಡಬಹುದು.

ಇಪ್ಪತ್ತು ಮಕ್ಕಳು ಸಾಲಾಗಿ ಮಲಗುವ ಕೋಣೆಯಲ್ಲಿ ಬೆಳೆದವಳಿಗೆ, ಗಂಟೆ ಬಾರಿಸಿದಾಗ ಎದ್ದು, ಗಂಟೆ ಬಾರಿಸಿದಾಗ ಉಂಡವಳಿಗೆ, ಹೋಟೆಲಿನ ಮೌನವೇ ಭಯ ಹುಟ್ಟಿಸೀತು. ಏನು ತಿನ್ನುತ್ತೀಯ ಎಂದು ಅವಳನ್ನು ಅದುವರೆಗೆ ಯಾರೂ ಕೇಳಿರಲಿಕ್ಕಿಲ್ಲ, ಕೇಳಿದರೆ ಉತ್ತರ ಹೊಳೆಯದಿರಬಹುದು. ಆದ್ದರಿಂದಲೇ ತಜ್ಞರು ಭೇಟಿಗೆ ಮೊದಲೇ ತಯಾರಿಯನ್ನು ಒತ್ತಿ ಹೇಳುತ್ತಾರೆ. ಹೊಸ ಮನೆಯ, ನಾಯಿಯ, ಶಾಲೆಯ, ಮಲಗುವ ಕೋಣೆಯ ಚಿತ್ರಗಳಿರುವ ಆಲ್ಬಮ್, ವಿಡಿಯೊ ಕರೆಗಳು, ಎರಡೂ ಕಡೆಯ ನಾಲ್ಕಾರು ಪದಗಳ ಪಟ್ಟಿ ಇವು ರೂಢಿಯ ಸಾಧನಗಳು. ದಂಪತಿಯೂ 'ಊಟ', 'ನೀರು', 'ಹೊಟ್ಟೆನೋವು', 'ಭಯ' ಇಂಥ ಕನ್ನಡ ಪದಗಳನ್ನು ಕಲಿತು ಬಂದರೆ ಮೊದಲ ರಾತ್ರಿ ಹಗುರಾಗುತ್ತದೆ.

ಅವಳನ್ನು ಕೇಳಿದರೇ?

ಎಳೆಗೂಸಿನ ದತ್ತಿಗೂ ದೊಡ್ಡ ಮಗುವಿನ ದತ್ತಿಗೂ ನಿಜವಾದ ವ್ಯತ್ಯಾಸ ಇಲ್ಲಿದೆ. ಆದೇಶ ನೀಡುವ ಮುನ್ನ, ವಯಸ್ಸು ಮತ್ತು ತಿಳಿವಳಿಕೆಗೆ ತಕ್ಕಂತೆ ಮಗುವಿನ ಇಚ್ಛೆಯನ್ನು ಪರಿಗಣಿಸಲಾಗಿದೆ ಎಂಬುದು ಖಚಿತವಾಗಬೇಕೆಂದು 61ನೇ ಸೆಕ್ಷನ್ ಹೇಳುತ್ತದೆ. ಹೇಗ್ ಒಡಂಬಡಿಕೆಯ 4ನೇ ವಿಧಿ ಇನ್ನೂ ವಿವರವಾಗಿದೆ: ದತ್ತಿನ ಪರಿಣಾಮಗಳನ್ನು ಮಗುವಿಗೆ ತಿಳಿಸಿ ಹೇಳಿರಬೇಕು, ಅದರ ಅಭಿಪ್ರಾಯವನ್ನು ಗಮನಕ್ಕೆ ತೆಗೆದುಕೊಂಡಿರಬೇಕು, ಒಪ್ಪಿಗೆ ಅಗತ್ಯವಿರುವೆಡೆ ಅದನ್ನು ಹಣದ ಅಥವಾ ಬೇರೆ ಆಮಿಷವಿಲ್ಲದೆ ಪಡೆದಿರಬೇಕು.

ಕಾಗದದ ಮೇಲೆ ಇದು ಒಂದು ಸಾಲು. 'ಅಮೆರಿಕಕ್ಕೆ ಹೋಗುತ್ತೀಯಾ?' ಎಂದು ಕೇಳಿದರೆ ಒಂಬತ್ತು ವರ್ಷದ ಯಾವ ಮಗುವೂ ಹೂಂ ಎನ್ನುತ್ತದೆ, ವಿಮಾನ, ಗೊಂಬೆ, ಹಿಮ ಅದರ ಕಣ್ಣ ಮುಂದಿರುತ್ತವೆ. ಕೇಳಬೇಕಾದ ಪ್ರಶ್ನೆಗಳು ಬೇರೆ. ಇಲ್ಲಿಯ ಗೆಳತಿಯರನ್ನು ದಿನಾ ನೋಡಲಾಗುವುದಿಲ್ಲ ಎಂಬುದು ಅವಳಿಗೆ ಗೊತ್ತೇ? ತಾನು ಎಂದಾದರೂ ಮನೆಗೆ ಹೋಗುತ್ತೇನೆ ಎಂದುಕೊಂಡಿರುವ ಆ ಮನೆ ಯಾವುದು? ತಮ್ಮನೊಬ್ಬ ಬೇರೆ ಸಂಸ್ಥೆಯಲ್ಲಿ ಇದ್ದಾನೆಯೇ? ನಮ್ಮ ಊರಿನ ಹೋಲಿಕೆಯಲ್ಲಿ ಹೇಳುವುದಾದರೆ, ಮದುವೆಯಾಗಿ ಗಂಡನ ಮನೆಗೆ ಹೊರಟ ಹೆಣ್ಣಿಗೂ ಪರಸ್ಥಳವೆಂದರೆ ಅಳು ಬರುತ್ತದೆ, ಆದರೆ ಅವಳಿಗೆ ಹಬ್ಬಕ್ಕೆ ಮರಳಲು ತವರಿದೆ. ಈ ಮಗು ತವರಿಲ್ಲದೆ ಹೊರಡುತ್ತದೆ. ಈ ಮಾತನ್ನು ಅದರ ಭಾಷೆಯಲ್ಲೇ, ಒಂದಲ್ಲ ಹತ್ತು ಸಲ ಕುಳಿತು ಆಡುವ ಆಪ್ತಸಮಾಲೋಚಕರು ಇದ್ದರಷ್ಟೇ ಒಪ್ಪಿಗೆ ಎಂಬ ಪದಕ್ಕೆ ಅರ್ಥ ಬರುತ್ತದೆ.

ಮನೆ ತಲುಪಿದ ಮೇಲೆ

ಮೊದಲ ಕೆಲವು ವಾರ ಮಗು ಅತಿ ವಿಧೇಯವಾಗಿರುವುದುಂಟು, ನೆಂಟರ ಮನೆಗೆ ಬಂದಂತೆ. ಇದು ತನ್ನ ಮನೆ ಎಂಬ ನಂಬಿಕೆ ಮೂಡತೊಡಗಿದಾಗಲೇ ಹಠ, ಸುಳ್ಳು, ದಿಂಬಿನ ಕೆಳಗೆ ಬ್ರೆಡ್ಡು ಬಚ್ಚಿಡುವುದು, ರಾತ್ರಿ ಹಾಸಿಗೆ ಒದ್ದೆ ಮಾಡುವುದು ಶುರುವಾಗಬಹುದು. ನೀವೂ ನನ್ನನ್ನು ಬಿಟ್ಟುಬಿಡುತ್ತೀರಾ ಎಂದು ಮಗು ಪರೀಕ್ಷಿಸುವ ರೀತಿ ಅದು.

ಸಂಸ್ಥೆಗಳಲ್ಲಿ ಕಳೆದ ಕಾಲ ಮಗುವಿನ ಮೇಲೆ ಬೀರುವ ಪರಿಣಾಮದ ಬಗ್ಗೆ ಗಟ್ಟಿಯಾದ ತಿಳಿವಳಿಕೆ ಬಂದದ್ದು ರುಮೇನಿಯಾದಿಂದ. 1989ರಲ್ಲಿ ಸರ್ವಾಧಿಕಾರಿ ಚೌಷೆಸ್ಕುವಿನ ಆಡಳಿತ ಕುಸಿದಾಗ ಅಲ್ಲಿಯ ಅನಾಥಾಲಯಗಳ ಘೋರ ಸ್ಥಿತಿ ಹೊರಬಂತು. ಅಲ್ಲಿಂದ ಬ್ರಿಟನ್ನಿಗೆ ದತ್ತು ಹೋದ 165 ಮಕ್ಕಳನ್ನು ಮನೋವೈದ್ಯ ಮೈಕೇಲ್ ರಟರ್ ಮತ್ತು ಸಂಗಡಿಗರು ಪ್ರೌಢವಯಸ್ಸಿನವರೆಗೂ ಗಮನಿಸಿದರು. ಆರು ತಿಂಗಳೊಳಗೆ ಅಲ್ಲಿಂದ ಪಾರಾದ ಮಕ್ಕಳು ಬಹುತೇಕ ಇತರ ಮಕ್ಕಳಂತೆಯೇ ಬೆಳೆದರೆ, ಅದಕ್ಕಿಂತ ಹೆಚ್ಚು ಕಾಲ ಇದ್ದವರಲ್ಲಿ ಅನೇಕರಿಗೆ ಗಮನ ಮತ್ತು ಒಡನಾಟದ ತೊಂದರೆಗಳು ಉಳಿದವು. ಆದರೂ ಆ ಗುಂಪಿನಲ್ಲೇ ಸುಮಾರು ಐದನೇ ಒಂದು ಪಾಲು ಮಕ್ಕಳು ಯಾವ ತೊಂದರೆಯೂ ಇಲ್ಲದೆ ದೊಡ್ಡವರಾದರು. ರುಮೇನಿಯಾದ ಆ ಕೋಣೆಗಳಿಗೂ ನಮ್ಮ ಬಾಲಮಂದಿರಗಳಿಗೂ ಸಮ ಹೇಳುವುದು ತಪ್ಪಾಗುತ್ತದೆ. ಪ್ರೀತಿ ಸಾಕು, ಉಳಿದದ್ದು ತಾನಾಗಿ ಸರಿಹೋಗುತ್ತದೆ ಎಂಬ ಭರವಸೆಯೂ ಪೂರ್ಣ ನಿಜವಲ್ಲ. ಹಲವು ಕುಟುಂಬಗಳಿಗೆ ವರ್ಷಗಳ ಕಾಲ ಚಿಕಿತ್ಸಕರ ನೆರವು ಬೇಕಾಗುತ್ತದೆ.

ಭಾಷೆಯ ಕಥೆ ಕನ್ನಡಿಗರನ್ನು ವಿಶೇಷವಾಗಿ ತಟ್ಟೀತು. ಹೊಸ ಭಾಷೆಯನ್ನು ಮಗು ಬೇಗ ಕಲಿಯುತ್ತದೆ, ಆದರೆ ಹಳೆಯದನ್ನು ಆಡುವವರು ಸುತ್ತ ಯಾರೂ ಇಲ್ಲದಿದ್ದರೆ ಅದನ್ನು ಅಷ್ಟೇ ಬೇಗ ಕಳೆದುಕೊಳ್ಳುತ್ತದೆ. ಮೂರರಿಂದ ಎಂಟು ವರ್ಷದೊಳಗೆ ಕೊರಿಯಾದಿಂದ ಫ್ರಾನ್ಸಿಗೆ ದತ್ತು ಹೋಗಿದ್ದ ವಯಸ್ಕರನ್ನು ಪರೀಕ್ಷಿಸಿದ 2003ರ ಅಧ್ಯಯನವೊಂದರಲ್ಲಿ, ಅವರಿಗೆ ಕೊರಿಯನ್ ವಾಕ್ಯಗಳನ್ನು ಗುರುತಿಸಲೂ ಆಗಲಿಲ್ಲ. ಮಿದುಳಿನ ಚಿತ್ರಣದಲ್ಲೂ ಆ ಭಾಷೆ ಅಪರಿಚಿತ ಭಾಷೆಯಂತೆಯೇ ಕಂಡಿತು. ಇದಕ್ಕೆ ಎದುರಾಗಿ, ಎಳೆವಯಸ್ಸಿನಲ್ಲೇ ಚೀನಾದಿಂದ ಕೆನಡಾಕ್ಕೆ ಹೋಗಿ ಫ್ರೆಂಚ್ ಮಾತ್ರ ಬಲ್ಲವರಾಗಿ ಬೆಳೆದ ಹುಡುಗಿಯರ ಮಿದುಳು ಚೀನೀ ಭಾಷೆಯ ಸ್ವರದ ಏರಿಳಿತಕ್ಕೆ ಇನ್ನೂ ಸ್ಪಂದಿಸುತ್ತದೆಂದು 2014ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು. ನಮ್ಮ ಹುಡುಗಿ ತಲುಪುವ ಊರಿನ ಸುತ್ತ ಕನ್ನಡ ಕೂಟವೊಂದಿದ್ದರೆ, ವಾರಕ್ಕೊಮ್ಮೆ ಕನ್ನಡ ಕಿವಿಗೆ ಬಿದ್ದರೆ, ಅವಳ ಭಾಷೆ ಉಳಿಯುವ ಸಾಧ್ಯತೆ ಬೇರೆಯೇ ಆಗುತ್ತದೆ.

ಪೌರತ್ವವೂ ಮನೆಯಷ್ಟೇ ಮುಖ್ಯ. ಅಮೆರಿಕದಲ್ಲಿ 2001ರ ಫೆಬ್ರವರಿ 27ರಿಂದ ಜಾರಿಯಲ್ಲಿರುವ ಕಾನೂನಿನಂತೆ, ಪೂರ್ಣ ದತ್ತಾಗಿ ಬಂದ ಮಗುವಿಗೆ ಪೌರತ್ವ ತಾನಾಗಿ ದೊರೆಯುತ್ತದೆ. ಆ ದಿನಕ್ಕೆ 18 ದಾಟಿದ್ದವರಿಗೆ ಅದು ಅನ್ವಯಿಸಲಿಲ್ಲ. ಪೋಷಕರು ಕಾಗದ ಮಾಡಿಸದೇ ಹೋದ ಕೆಲವರು ನಡುವಯಸ್ಸಿನಲ್ಲಿ, ತಮಗೆ ಭಾಷೆಯೂ ಬಾರದ ಹುಟ್ಟೂರಿಗೆ ಗಡೀಪಾರಾಗಿದ್ದಾರೆ.

ಹೊಂದಿಕೆಯಾಗದಿದ್ದರೆ

2010ರ ಏಪ್ರಿಲ್‌ನಲ್ಲಿ ಅಮೆರಿಕದ ಟೆನೆಸ್ಸೀಯ ಮಹಿಳೆಯೊಬ್ಬರು, ರಷ್ಯಾದಿಂದ ದತ್ತು ತಂದಿದ್ದ ಏಳು ವರ್ಷದ ಹುಡುಗನನ್ನು ಒಂದು ಪತ್ರ ಕೊಟ್ಟು ಒಂಟಿಯಾಗಿ ಮಾಸ್ಕೋಗೆ ಹೋಗುವ ವಿಮಾನ ಹತ್ತಿಸಿದರು. ಜಗತ್ತು ಬೆಚ್ಚಿತು. ಇಂಥದ್ದನ್ನು ತಡೆಯಲೆಂದೇ ಭಾರತ ಎರಡು ವರ್ಷಗಳ ಪ್ರಗತಿ ವರದಿಯನ್ನು ಕೇಳುತ್ತದೆ: ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ, ಒಟ್ಟು ಆರು. ಸಂಬಂಧ ಮುರಿದರೆ ಮಗುವಿಗೆ ಬದಲಿ ವ್ಯವಸ್ಥೆ ಮಾಡುವ ಹೊಣೆಯನ್ನು 59ನೇ ಸೆಕ್ಷನ್ ವಿದೇಶಿ ದತ್ತು ಸಂಸ್ಥೆಯ ಮೇಲೆ ಹೊರಿಸಿದೆ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಅನಿವಾಸಿ ಭಾರತೀಯರು ದತ್ತಿನ ಸಾಲಿನಲ್ಲಿ ಇಲ್ಲಿಯವರಿಗೆ ಸಮಾನರು. ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡ್ ಉಳ್ಳವರಿಗೆ ಇತರ ವಿದೇಶಿಯರಿಗಿಂತ ಆದ್ಯತೆಯಿದೆ. ಇವರೂ ತಾವಿರುವ ದೇಶದ ಸಂಸ್ಥೆ ಅಥವಾ ಪ್ರಾಧಿಕಾರದ ಮೂಲಕವೇ ಬರಬೇಕು. ಕರಾವಳಿಯಿಂದ ಬಹಳ ಜನ ನೆಲೆಸಿರುವ ಕೊಲ್ಲಿ ದೇಶಗಳು ಹೇಗ್ ಒಡಂಬಡಿಕೆಗೆ ಸೇರಿಲ್ಲ. ಅಂಥೆಡೆ ಭಾರತೀಯ ನಾಗರಿಕರು ಭಾರತದ ರಾಯಭಾರ ಕಚೇರಿಯನ್ನು ಆಶ್ರಯಿಸಬೇಕಾಗುತ್ತದೆ.

ಹೆಚ್ಚು ಎಡವುವುದು ಬಂಧುಗಳ ಮಗುವಿನ ವಿಷಯದಲ್ಲಿ. ಊರಿನಲ್ಲಿರುವ ತಂಗಿಯ ಮಗಳನ್ನು ಹೋಮ ಮಾಡಿ, ನೋಂದಣಿ ಕಚೇರಿಯಲ್ಲಿ ದತ್ತಕ ಪತ್ರ ಬರೆಸಿ, ಬಳಿಕ ವೀಸಾ ಕೇಳಲು ಹೋದರೆ ಬಾಗಿಲು ತೆರೆಯುವುದಿಲ್ಲ. ಕಾಯ್ದೆ 'ಬಂಧು' ಎನ್ನುವುದು ಚಿಕ್ಕಪ್ಪ, ದೊಡ್ಡಪ್ಪ, ಅತ್ತೆ, ಸೋದರಮಾವ, ಚಿಕ್ಕಮ್ಮ, ದೊಡ್ಡಮ್ಮ, ಅಜ್ಜ, ಅಜ್ಜಿ ಇವರನ್ನಷ್ಟೇ. ಇವರಿಗೂ 60ನೇ ಸೆಕ್ಷನ್ನಿನಂತೆ ಆದೇಶ ಮತ್ತು ಕಾರಾದ ನಿರಾಕ್ಷೇಪಣಾ ಪತ್ರ ಎರಡೂ ಬೇಕು. ಹಿಂದೂ ಕಾಯ್ದೆಯಡಿ ಆದ ದತ್ತಿಗೂ ಮಗುವನ್ನು ಹೊರದೇಶಕ್ಕೆ ಒಯ್ಯಲು ಕಾರಾದ ಮೂಲಕ ಹೋಗುವ ಪ್ರತ್ಯೇಕ ವಿಧಾನವನ್ನು 2021ರಲ್ಲಿ ರೂಪಿಸಲಾಯಿತು. ಇಷ್ಟಾದರೂ ಅಮೆರಿಕ ತನ್ನದೇ ಷರತ್ತನ್ನು ಇಟ್ಟಿದೆ: ಹೆತ್ತವರಿಬ್ಬರೂ ಬದುಕಿದ್ದರೆ ಮಗುವನ್ನು ಸರಿಯಾಗಿ ಸಾಕಲು ಅವರು ಅಸಮರ್ಥರೆಂದು ತೋರಿಸಬೇಕು.

ಬಾಗಿಲು ಮುಚ್ಚುತ್ತಿರುವ ದೇಶಗಳು

ಅಮೆರಿಕಕ್ಕೆ 2004ರಲ್ಲಿ ಸುಮಾರು 23,000 ಮಕ್ಕಳು ದತ್ತಾಗಿ ಬಂದಿದ್ದರು. 2023ರಲ್ಲಿ ಆ ಸಂಖ್ಯೆ 1,300ಕ್ಕಿಂತ ಕೆಳಗಿತ್ತು. ರಷ್ಯಾ 2012ರ ಡಿಸೆಂಬರಿನ ಕಾನೂನಿನಿಂದ ಅಮೆರಿಕನ್ನರಿಗೆ ದತ್ತು ಕೊಡುವುದನ್ನು ನಿಲ್ಲಿಸಿತು, ಇಥಿಯೋಪಿಯಾ 2018ರಲ್ಲಿ ವಿದೇಶಿಯರ ದತ್ತನ್ನೇ ನಿಷೇಧಿಸಿತು, 1992ರಿಂದ 1,60,000ಕ್ಕೂ ಹೆಚ್ಚು ಮಕ್ಕಳನ್ನು ಕಳಿಸಿದ್ದ ಚೀನಾ 2024ರ ಸೆಪ್ಟೆಂಬರಿನಲ್ಲಿ ಬಂಧುಗಳ ದತ್ತನ್ನುಳಿದು ಎಲ್ಲವನ್ನೂ ಕೊನೆಗೊಳಿಸಿತು. ಬರಮಾಡಿಕೊಳ್ಳುವ ದೇಶಗಳಲ್ಲೂ ಮನಸ್ಸು ಬದಲಾಗಿದೆ. ಹಿಂದಿನ ದಶಕಗಳಲ್ಲಿ ಸುಳ್ಳು ದಾಖಲೆಗಳಿಂದ ಮಕ್ಕಳು ಬಂದಿದ್ದಾರೆಂಬ ತನಿಖೆಗಳ ನಂತರ ನೆದರ್ಲೆಂಡ್ಸ್ 2024ರಲ್ಲಿ ಹಂತಹಂತವಾಗಿ ನಿಲ್ಲಿಸಲು ತೀರ್ಮಾನಿಸಿತು. ದಕ್ಷಿಣ ಕೊರಿಯಾದ ಸತ್ಯ ಮತ್ತು ಸಾಮರಸ್ಯ ಆಯೋಗ 2025ರಲ್ಲಿ ತನ್ನ ಸರ್ಕಾರದ ಲೋಪಗಳನ್ನು ಎತ್ತಿ ತೋರಿಸಿತು. ಭಾರತ ಬಾಗಿಲನ್ನು ಮುಚ್ಚಿಲ್ಲ.

ಹದಿನೆಂಟರ ಬಳಿಕ

ದತ್ತು ಹೋದವರು ದೊಡ್ಡವರಾದ ಮೇಲೆ ಬೇರು ಹುಡುಕಿಕೊಂಡು ಬರುತ್ತಾರೆ. ಹೇಗ್ ಒಡಂಬಡಿಕೆಯ 30ನೇ ವಿಧಿಯಂತೆ ಮಗುವಿನ ಮೂಲದ ಮಾಹಿತಿಯನ್ನು ದೇಶಗಳು ಕಾಪಾಡಿ ಇಡಬೇಕು. ಭಾರತದಲ್ಲಿ ಅವರು ಕಾರಾ, ರಾಜ್ಯದ ದತ್ತು ಸಂಪನ್ಮೂಲ ಸಂಸ್ಥೆ ಅಥವಾ ತಮ್ಮನ್ನು ಕಳಿಸಿದ ಸಂಸ್ಥೆಯನ್ನು ಸಂಪರ್ಕಿಸಬಹುದು. ಮಗುವನ್ನು ಒಪ್ಪಿಸಿದ ತಾಯಿಯ ಗುಟ್ಟನ್ನು ಕಾಯುವುದೂ ನಿಯಮವೇ ಆದ್ದರಿಂದ, ಅವಳ ಸಮ್ಮತಿಯಿಲ್ಲದೆ ವಿವರ ಸಿಗುವುದಿಲ್ಲ. ಮೂರನೆಯವರಿಗೆ ಅಧಿಕಾರಪತ್ರ ಬರೆದುಕೊಟ್ಟು ಹುಡುಕಿಸುವಂತಿಲ್ಲ.

ಎಳೆಗೂಸಾಗಿ ಹೋದವರಿಗೆ ಕಡತವೊಂದೇ ಆಧಾರ. ಒಂಬತ್ತನೆಯ ವಯಸ್ಸಿನಲ್ಲಿ ಹೋದವಳ ಸ್ಥಿತಿ ಬೇರೆ. ಅವಳಿಗೆ ಬಾಲಮಂದಿರದ ಅಂಗಳ, ಪಕ್ಕದ ಹಾಸಿಗೆಯ ಗೆಳತಿಯ ಹೆಸರು, ಅಡುಗೆಯವರ ದನಿ ನೆನಪಿರಬಹುದು. ಈಗಿನ ತಯಾರಿಯಲ್ಲಿ ಮಗುವಿನೊಂದಿಗೆ ಒಂದು 'ಬದುಕಿನ ಪುಸ್ತಕ' ಮಾಡಿಸುವ ರೂಢಿ ಬರುತ್ತಿರುವುದು ಅದಕ್ಕಾಗಿ. ಅದರಲ್ಲಿ ಅವಳಿದ್ದ ಕಟ್ಟಡದ ಚಿತ್ರ, ಶಾಲೆಯ ಅಂಕಪಟ್ಟಿ, ಗೆಳತಿಯರು ಬರೆದ ಸಾಲುಗಳು ಇರುತ್ತವೆ, ಕನ್ನಡದಲ್ಲಿ. ಆ ಸಾಲುಗಳನ್ನು ಮುಂದೆ ಅವಳೇ ಓದಬಲ್ಲಳೋ, ಬೇರೆಯವರಿಂದ ಓದಿಸಿಕೊಳ್ಳಬೇಕೋ ಎಂಬುದು, ಅಲ್ಲಿಯ ಮನೆಯಲ್ಲಿ ಕನ್ನಡಕ್ಕೆ ಎಷ್ಟು ಜಾಗ ಸಿಕ್ಕಿತು ಎಂಬುದರ ಮೇಲೆ ನಿಲ್ಲುತ್ತದೆ.